ಟ್ರೆಷರ್ ಐಲ್ಯಾಂಡ್: ಸಿಲ್ವರ್ ತಪ್ಪಿಸಿಕೊಂಡದ್ದು ನಿಮಗೂ ಖುಷಿ ಕೊಟ್ಟಿತಾ?

ಮಳೆಗಾಲದ ಓದು, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಈ ಮಳೆಗಾಲದಲ್ಲಿ ನಾನೂ ನನ್ನ ಮಗನೂ ಸೇರಿ ಸ್ಟೀವನ್ಸನ್ ಬರೆದ ‘ಟ್ರೆಷರ್ ಐಲ್ಯಾಂಡ್’ ಪೂರ್ತಿ ಓದಿ ಮುಗಿಸಿದೆವು. ಅವನಿಗೆ 12 ವರ್ಷ. ರಾತ್ರಿ ಊಟ ಆದ ಮೇಲೆ ದಿನಕ್ಕೊಂದು ಅಧ್ಯಾಯ, ಒಟ್ಟು 34. ನಾನು ಇಂಗ್ಲಿಷ್‌ನಲ್ಲಿ ಒಂದು ಪ್ಯಾರಾ ಓದುವುದು, ಆಮೇಲೆ ಕನ್ನಡದಲ್ಲಿ ಹೇಳುವುದು. ಕರೆಂಟ್ ಹೋದ ದಿನ ಮೊಬೈಲ್ ಬೆಳಕಿನಲ್ಲೂ ಬಿಟ್ಟಿಲ್ಲ.

ಕೊನೆಯ ಅಧ್ಯಾಯ ಮುಗಿದ ರಾತ್ರಿ, ದೀಪ ಆರಿಸಿದ ಮೇಲೆ ಅವನು ಕೇಳಿದ: "ಅಮ್ಮಾ, ಸಿಲ್ವರ್ ದುಡ್ಡಿನ ಚೀಲ ತಗೊಂಡು ಓಡಿಹೋದನಲ್ಲ, ನನಗೆ ಖುಷಿ ಆಯ್ತು. ಹಾಗೆ ಅನ್ನಿಸಿದ್ದು ತಪ್ಪಾ?"

ಏನು ಹೇಳಬೇಕು ಅಂತ ತಿಳಿಯಲಿಲ್ಲ. ಯಾಕಂದ್ರೆ ನನಗೂ ಖುಷಿ ಆಗಿತ್ತು.

ಓದದವರಿಗೆ ಕತೆ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಜಿಮ್ ಹಾಕಿನ್ಸ್ ಅನ್ನೋ ಹುಡುಗ. ಇಂಗ್ಲೆಂಡಿನ ಕಡಲ ದಂಡೆಯಲ್ಲಿ ಅಪ್ಪ ಅಮ್ಮ ಒಂದು ವಸತಿಗೃಹ ನಡೆಸುತ್ತಾರೆ. ಅಲ್ಲಿ ಬಂದು ಸತ್ತ ಒಬ್ಬ ನಾವಿಕನ ಪೆಟ್ಟಿಗೆಯಲ್ಲಿ ಫ್ಲಿಂಟ್ ಎಂಬ ಕಡಲ್ಗಳ್ಳ ಹೂತಿಟ್ಟ ನಿಧಿಯ ನಕ್ಷೆ ಸಿಗುತ್ತದೆ. ಊರಿನ ಡಾಕ್ಟರ್ ಲಿವ್ಸಿ, ಜಮೀನ್ದಾರ ಟ್ರೆಲಾನಿ ಸೇರಿ ಹಡಗು ಹೊರಡಿಸುತ್ತಾರೆ. ಹಡಗಿನ ಅಡುಗೆಯವನು ಲಾಂಗ್ ಜಾನ್ ಸಿಲ್ವರ್, ಒಂದು ಕಾಲಿಲ್ಲದವನು. ಅವನೇ ಫ್ಲಿಂಟ್‌ನ ಹಳೇ ಜೊತೆಗಾರ ಅನ್ನೋದು ಯಾರಿಗೂ ಗೊತ್ತಿರುವುದಿಲ್ಲ.

ನಾನು ಚಿಕ್ಕವಳಿದ್ದಾಗ ಇದನ್ನೇ ಚಿತ್ರಗಳಿರುವ ತೆಳು ಪುಸ್ತಕದಲ್ಲಿ ಓದಿದ್ದೆ. ಅದರಲ್ಲಿ ಸಿಲ್ವರ್ ಬರೀ ಕಳ್ಳ. ಪೂರ್ತಿ ಪುಸ್ತಕದಲ್ಲಿ ಅವನು ಬೇರೆಯೇ. ಜಿಮ್‌ನನ್ನು ಬ್ರಿಸ್ಟಲ್ ಬಂದರಿನಲ್ಲಿ ಜೊತೆಗೆ ಕರೆದುಕೊಂಡು ನಡೆಯುತ್ತಾನೆ, ಒಂದೊಂದು ಹಡಗು ತೋರಿಸಿ ಇದು ಯಾವುದು, ಎಲ್ಲಿಗೆ ಹೊರಟಿದೆ ಅಂತ ಹೇಳಿಕೊಡುತ್ತಾನೆ. ಅಪ್ಪ ತೀರಿಕೊಂಡು ಹೆಚ್ಚು ದಿನ ಆಗಿರದ ಹುಡುಗ ಅವನು. ಅವನ ಜೊತೆ ಅಷ್ಟು ಗೌರವದಿಂದ ಮಾತಾಡಿದ ಮೊದಲ ದೊಡ್ಡ ಮನುಷ್ಯ ಸಿಲ್ವರ್.

ಆಮೇಲೆ ಬರುತ್ತದೆ ಆ ಸೇಬಿನ ಪೀಪಾಯಿ. ಒಂದು ಸೇಬು ತೆಗೆಯಲು ಪೀಪಾಯಿಯೊಳಗೆ ಇಳಿದ ಜಿಮ್‌ಗೆ ಹೊರಗಡೆ ಸಿಲ್ವರ್ ಇನ್ನೊಬ್ಬ ಹುಡುಗನ ಜೊತೆ ಮಾತಾಡುವುದು ಕೇಳಿಸುತ್ತದೆ. ದಂಗೆಯ ಸಂಚಿನ ಜೊತೆಗೇ ಜಿಮ್‌ಗೆ ಇನ್ನೊಂದು ಏಟು ಬೀಳುತ್ತದೆ. ತನ್ನನ್ನು ಹೊಗಳಲು ಸಿಲ್ವರ್ ಯಾವ ಮಾತು ಹೇಳಿದ್ದನೋ ಅದೇ ಮಾತು, ಒಂದಕ್ಷರ ಹೆಚ್ಚುಕಮ್ಮಿ ಇಲ್ಲದೆ, ಆ ಹುಡುಗನಿಗೂ ಹೇಳುತ್ತಿದ್ದಾನೆ. ಇದನ್ನು ಓದಿದಾಗ ನನ್ನ ಮಗ "ಛೇ" ಅಂದ. ನಾನು ಓದಿದ್ದ ತೆಳು ಪುಸ್ತಕದಲ್ಲಿ ಈ ಸಾಲು ಇರಲಿಲ್ಲ. ನನ್ನ ಪ್ರಕಾರ ಕಾದಂಬರಿಯ ಜೀವ ಇರುವುದೇ ಅಲ್ಲಿ.

ನಿಮ್ಮ ಅಭಿಪ್ರಾಯ ಹೇಳಿ. ಮಗನಿಗೆ ಏನು ಉತ್ತರ ಕೊಡಲಿ?

ನಿವೃತ್ತ ಮೇಷ್ಟ್ರು, ಹಾಸನ

ನಿಮ್ಮ ಮಗನಿಗೆ ನನ್ನ ಆಶೀರ್ವಾದ ತಿಳಿಸಿ. ಒಳ್ಳೆಯ ಪ್ರಶ್ನೆ ಕೇಳಿದ್ದಾನೆ.

ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದವನು ನಾನು. ಸಂಕ್ಷಿಪ್ತ ಪುಸ್ತಕ ಹಿಡಿದೇ ಈ ಕತೆಯನ್ನು ಎಷ್ಟೋ ಸಲ ಹೇಳಿದ್ದೇನೆ. ಅದನ್ನು ಪೂರ್ತಿ ತಳ್ಳಿಹಾಕಬೇಡಿ ತಾಯಿ. ಹಳ್ಳಿಯಿಂದ ಬರುವ ಮಗುವಿಗೆ ಮೊದಲ ಪುಟದಲ್ಲೇ ಹಡಗಿನವರ ಒರಟು ಇಂಗ್ಲಿಷ್ ಎದುರಾದರೆ ಪುಸ್ತಕ ಮುಚ್ಚಿಬಿಡುತ್ತದೆ. ತೆಳು ಪುಸ್ತಕ ಓದಿದವರಲ್ಲಿ ಕೆಲವರಾದರೂ ಮುಂದೆ ದಪ್ಪ ಪುಸ್ತಕಕ್ಕೆ ಹೋಗುತ್ತಾರೆ. ನೀವೇ ಹೋದಿರಲ್ಲ.

ಆದರೆ ನೀವು ಹೇಳಿದ ಪೀಪಾಯಿ ಮಾತು ನೂರಕ್ಕೆ ನೂರು ಸರಿ. ಸಂಕ್ಷಿಪ್ತ ಮಾಡುವವರು ಘಟನೆ ಉಳಿಸಿಕೊಂಡು ಮಾತು ಕತ್ತರಿಸುತ್ತಾರೆ. ಈ ಕತೆಯಲ್ಲಿ ಸಿಲ್ವರ್ ಇರುವುದೇ ಮಾತಿನಲ್ಲಿ.

ಇದರ ಹುಟ್ಟಿನ ಬಗ್ಗೆಯೂ ಸ್ವಲ್ಪ ಹೇಳುತ್ತೇನೆ. 1881ರ ಬೇಸಿಗೆ, ಸ್ಕಾಟ್ಲೆಂಡಿನ ಬ್ರೇಮರ್ ಎಂಬ ಊರು. ಹೊರಗೆ ಬಿಡದ ಮಳೆ, ನಿಮ್ಮ ಶಿವಮೊಗ್ಗದ ಹಾಗೇ. ಸ್ಟೀವನ್ಸನ್ ಹೆಂಡತಿಯ ಮೊದಲ ಮದುವೆಯ ಮಗ ಲಾಯ್ಡ್‌ಗೂ ಆಗ ಹೆಚ್ಚುಕಡಿಮೆ ನಿಮ್ಮ ಮಗನ ವಯಸ್ಸು. ಅವನ ಜೊತೆ ಬಣ್ಣ ಹಚ್ಚುತ್ತಾ ಕೂತಾಗ ಒಂದು ದ್ವೀಪದ ನಕ್ಷೆ ಮೂಡಿತು. ನಕ್ಷೆ ಮೊದಲು, ಕತೆ ಆಮೇಲೆ. ದಿನಕ್ಕೊಂದು ಅಧ್ಯಾಯದಂತೆ ಬರೆದು ಮನೆಯವರಿಗೆ ಓದಿ ಹೇಳುತ್ತಿದ್ದರು. ನೀವು ದಿನಕ್ಕೊಂದು ಅಧ್ಯಾಯ ಓದಿದ್ದು ಕೇಳಿ ನನಗೆ ಅದೇ ನೆನಪಾಯಿತು. ಸ್ಟೀವನ್ಸನ್ ತಂದೆ ದೀಪಸ್ತಂಭ ಕಟ್ಟುವ ಎಂಜಿನಿಯರ್. ಅವರೂ ಮಗುವಿನಂತೆ ಈ ಆಟಕ್ಕೆ ಸೇರಿಕೊಂಡರು. ಸತ್ತ ನಾವಿಕನ ಪೆಟ್ಟಿಗೆಯಲ್ಲಿ ಏನೇನು ಸಾಮಾನು ಇರಬೇಕು ಅಂತ ಪಟ್ಟಿ ಬರೆದುಕೊಟ್ಟವರು ಅವರೇ. 15 ಅಧ್ಯಾಯ ಆದ ಮೇಲೆ ಬರವಣಿಗೆ ನಿಂತುಹೋಯಿತು. ಉಳಿದದ್ದನ್ನು ಮುಗಿಸಿದ್ದು ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ, ಎದೆಯ ಕಾಯಿಲೆಗೆ ಚಿಕಿತ್ಸೆಗೆಂದು ಹೋಗಿದ್ದಾಗ. ಮಕ್ಕಳ ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂತು, 1883ರಲ್ಲಿ ಪುಸ್ತಕವಾಯಿತು.

ಒಂದು ದೂರು ನನ್ನದೂ ಇದೆ. 16ರಿಂದ 18ನೇ ಅಧ್ಯಾಯದವರೆಗೆ ಕತೆ ಹೇಳುವವರು ಡಾಕ್ಟರ್. ಜಿಮ್ ಅಷ್ಟು ಹೊತ್ತು ಇಲ್ಲ. ಪ್ರತಿ ವರ್ಷ ಮಕ್ಕಳು ಅಲ್ಲೇ ಎಡವುತ್ತಿದ್ದರು. "ಸಾರ್, ಜಿಮ್ ಎಲ್ಲಿ ಹೋದ?" ಅಂತ ಕೇಳುತ್ತಿದ್ದರು.

ಎಸ್ಸೆಸ್ಸೆಲ್ಸಿ ಹುಡುಗಿ

ನಮಸ್ತೆ. ನಾನು ಇದನ್ನು ಹೋದ ವರ್ಷ ಲೈಬ್ರರಿಯಿಂದ ತಂದು ಓದಿದೆ. ಎಲ್ಲರೂ ಹೊಗಳುತ್ತಾರೆ, ಆದರೆ ನನಗೆ ಒಂದು ವಿಷಯಕ್ಕೆ ತುಂಬಾ ಬೇಜಾರಾಯಿತು. ಇಡೀ ಪುಸ್ತಕದಲ್ಲಿ ಹುಡುಗಿಯರೇ ಇಲ್ಲ. ಹಡಗಿನಲ್ಲಿ 26 ಜನ, ಒಬ್ಬಳೂ ಇಲ್ಲ. ಸಿಲ್ವರ್‌ಗೆ ಹೆಂಡತಿ ಇದ್ದಾಳೆ ಅಂತ ಹೇಳುತ್ತಾರೆ, ಅವಳನ್ನು ಒಂದು ಸಲವೂ ತೋರಿಸುವುದಿಲ್ಲ. ಸಾಹಸ ಅಂದ್ರೆ ಬರೀ ಹುಡುಗರದ್ದಾ? ನಾನು ಓದುವಾಗ ನನ್ನನ್ನು ಜಿಮ್ ಅಂತಲೇ ಅಂದುಕೊಂಡು ಓದಿದೆ. ಬೇರೆ ದಾರಿ ಇರಲಿಲ್ಲ.

ಇನ್ನೊಂದು, ಶುರು ತುಂಬಾ ನಿಧಾನ. ಹಡಗು ಹೊರಡುವುದು 10ನೇ ಅಧ್ಯಾಯದಲ್ಲಿ!

ನಿವೃತ್ತ ಮೇಷ್ಟ್ರು, ಹಾಸನ

ಮಗಳೇ, ನಿನ್ನ ಬೇಜಾರು ನ್ಯಾಯವಾದದ್ದು. ಹೆಂಗಸರು ಬೇಡ ಅನ್ನುವುದು ಆಗ ಲಾಯ್ಡ್ ಎಂಬ ಹುಡುಗನೇ ಹಾಕಿದ ಷರತ್ತು. ಸ್ಟೀವನ್ಸನ್ ಅದಕ್ಕೆ ಒಪ್ಪಿಕೊಂಡರು. ಒಪ್ಪಬಾರದಿತ್ತು ಅನ್ನುವುದು ನನ್ನ ಅಭಿಪ್ರಾಯ.

ಮಳೆಗಾಲದ ಓದು, ಶಿವಮೊಗ್ಗ

ಪುಟ್ಟಿ, ಒಬ್ಬಳು ಇದ್ದಾಳೆ ನೋಡು. ಜಿಮ್‌ನ ಅಮ್ಮ. ನೀನು ನಿಧಾನ ಅಂದ ಆ ಮೊದಲ ಭಾಗದಲ್ಲೇ ಇದ್ದಾಳೆ. 4ನೇ ಅಧ್ಯಾಯ ಇನ್ನೊಂದು ಸಲ ಓದು, ನನಗೋಸ್ಕರ.

ಕಡಲ್ಗಳ್ಳರು ಬರುತ್ತಾರೆ ಅಂತ ಗೊತ್ತಾಗಿದೆ. ತಾಯಿ ಮಗ ಪಕ್ಕದ ಹಳ್ಳಿಗೆ ಓಡಿಹೋಗಿ ಸಹಾಯ ಕೇಳುತ್ತಾರೆ. ಊರಿನ ಒಬ್ಬ ಗಂಡಸೂ ಜೊತೆಗೆ ಬರಲು ಒಪ್ಪುವುದಿಲ್ಲ. ಆಗ ಆ ತಾಯಿ, ನಿಮಗೆ ಧೈರ್ಯ ಇಲ್ಲದಿದ್ದರೆ ನನಗೂ ನನ್ನ ಮಗನಿಗೂ ಇದೆ ಅಂತ ಹೇಳಿ ವಾಪಸ್ ಹೊರಡುತ್ತಾಳೆ. ಕತ್ತಲೆ, ಮಂಜು. ಮನೆಯೊಳಗೆ ಹೆಣ ಬಿದ್ದಿದೆ. ಪೆಟ್ಟಿಗೆ ತೆರೆಯುತ್ತಾಳೆ. ದುಡ್ಡಿನ ಚೀಲ ಸಿಗುತ್ತದೆ. ಆ ನಾವಿಕ ತಿಂಗಳುಗಟ್ಟಲೆ ಉಂಡು ಮಲಗಿ ಬಾಕಿ ಉಳಿಸಿದ್ದ. ಅವಳು ತನಗೆ ಬರಬೇಕಾದ್ದನ್ನು ಮಾತ್ರ ಎಣಿಸುತ್ತಾ ಕೂರುತ್ತಾಳೆ! ಬೇರೆ ಬೇರೆ ದೇಶದ ನಾಣ್ಯ, ಅವಳಿಗೆ ಲೆಕ್ಕ ಗೊತ್ತಿರುವುದು ಗಿನಿಗಳದ್ದು ಮಾತ್ರ. ಹೊರಗೆ ಪ್ಯೂ ಎಂಬ ಕುರುಡ ಕಡಲ್ಗಳ್ಳನ ಕೋಲಿನ ಸದ್ದು ಕೇಳುತ್ತಿದೆ, ಮಗ ಸಾಕು ಬಾ ಅಂತ ಎಳೆಯುತ್ತಿದ್ದಾನೆ. ಅವಳು ತನ್ನ ಬಾಕಿಗಿಂತ ಒಂದು ಕಾಸು ಜಾಸ್ತಿಯೂ ಬೇಡ, ಕಮ್ಮಿಯೂ ಬೇಡ ಅನ್ನುತ್ತಾಳೆ.

ನನಗೆ ನಮ್ಮ ಅಜ್ಜಿ ನೆನಪಾದರು. ಸಂತೆಯಲ್ಲಿ ಬೆಣ್ಣೆ ಮಾರಿ ಬಂದು ಕಾಸು ಕಾಸು ಎಣಿಸಿ, ಹೆಚ್ಚು ಕೊಟ್ಟಿದ್ದರೆ ಮುಂದಿನ ವಾರ ಹೋಗಿ ವಾಪಸ್ ಕೊಟ್ಟು ಬರುತ್ತಿದ್ದರು. ಆಮೇಲೆ ದ್ವೀಪಕ್ಕೆ ಹೋದ ಎಷ್ಟು ಜನ ದೊಡ್ಡವರು ತಮ್ಮದಲ್ಲದ ನಿಧಿಗೆ ಕೈ ಹಾಕುತ್ತಾರೆ ನೋಡು. ಬರೀ ತನ್ನದನ್ನು ಕೇಳಿದವಳು ಇವಳೊಬ್ಬಳೇ. ಅವಳನ್ನು ದಡದಲ್ಲೇ ಬಿಟ್ಟು ಕತೆ ಮುಂದೆ ಹೋಯಿತಲ್ಲ ಅಂತ ನನಗೂ ಸಂಕಟ ಇದೆ.

ಆನೆಗೊಂದಿ ದಡದವನು

ಎಲ್ಲರೂ ಸಿಲ್ವರ್ ಬಗ್ಗೆಯೇ ಹೇಳುತ್ತಿದ್ದೀರಿ. ನಾನು ಹರಿಗೋಲಿನ ಬಗ್ಗೆ ಹೇಳುತ್ತೇನೆ.

ದ್ವೀಪದಲ್ಲಿ ಒಂಟಿಯಾಗಿ ಬಿಟ್ಟುಹೋಗಿದ್ದ ಬೆನ್ ಗನ್ ಒಂದು ದೋಣಿ ಮಾಡಿಟ್ಟಿರುತ್ತಾನೆ. ಮರದ ಚೌಕಟ್ಟು, ಮೇಲೆ ಆಡಿನ ಚರ್ಮ, ಕೂದಲು ಒಳಮುಖ. ಇಂಗ್ಲಿಷ್‌ನಲ್ಲಿ ಕೊರಾಕಲ್ ಅಂತಾರೆ. ನಿಘಂಟು ನೋಡುವ ಕೆಲಸವೇ ಬರಲಿಲ್ಲ. ಇದು ನಮ್ಮ ಹರಿಗೋಲಿನ ತಮ್ಮನೇ ಅಲ್ವಾ! ನಮ್ಮದು ಬಿದಿರಿನ ಬುಟ್ಟಿ. ಹಿಂದೆ ಅದಕ್ಕೂ ಚರ್ಮವನ್ನೇ ಹೊದಿಸುತ್ತಿದ್ದರು.

ಜಿಮ್ ರಾತ್ರಿ ಅದರಲ್ಲಿ ಕೂತು ಹಡಗಿನ ಲಂಗರಿನ ಹಗ್ಗ ಕೊಯ್ಯಲು ಹೋಗುತ್ತಾನೆ. ಅವನು ಎಲ್ಲಿಗೆ ಹೋಗಬೇಕೋ ಅದೊಂದು ಕಡೆ ಬಿಟ್ಟು ದೋಣಿ ಎಲ್ಲಾ ಕಡೆ ತಿರುಗುತ್ತದೆ. ಗಿರಗಿರ ಸುತ್ತುವುದೇ ಅದಕ್ಕೆ ಚೆನ್ನಾಗಿ ಬರುವ ಕೆಲಸ. ಇದನ್ನು ಓದಿ ನಾನು ಎದ್ದು ಕೂತೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಿಸ್ ನಮ್ಮ ಹೊಳೆಯಲ್ಲಿ ನೋಡಿ ಬರೆದದ್ದೂ ಇದನ್ನೇ. ಬುಟ್ಟಿಯಂಥ ದುಂಡು ದೋಣಿ, ಹೊರಗೆ ಚರ್ಮ, ಬೇರೆ ದೋಣಿಗಳ ಹಾಗೆ ನೇರ ಹೋಗದೆ ಸುತ್ತುತ್ತಲೇ ಇರುತ್ತದೆ ಅಂತ.

ಮರುದಿನ ಬೆಳಗ್ಗೆ ಜಿಮ್ ದೊಡ್ಡ ಅಲೆಗಳ ಮಧ್ಯೆ ಸಿಕ್ಕಿಬೀಳುತ್ತಾನೆ. ಎದ್ದು ಹುಟ್ಟು ಹಾಕಿದರೆ ದೋಣಿ ಮೂಗು ಮುಳುಗಿಸಿ ನೀರು ಕುಡಿಯುತ್ತದೆ. ಸುಮ್ನೆ ತಳದಲ್ಲಿ ಮಲಗಿದರೆ ಹಕ್ಕಿಯಂತೆ ಅಲೆ ಹತ್ತಿ ಇಳಿಯುತ್ತದೆ. ನಮ್ಮ ಮಾವ ಇಲ್ಲಿ ಅಂಬಿಗರಾಗಿದ್ದರು. ಚಿಕ್ಕಂದಿನಲ್ಲಿ ನಾನು ಹೆದರಿ ಎದ್ದು ನಿಂತಾಗ ಅವರು ಗದರಿದ್ದು ಒಂದೇ ಮಾತು: "ಕೂತ್ಕೋ, ಅದರ ಪಾಡಿಗೆ ಅದನ್ನ ಬಿಡು." ಈ ಲೇಖಕರಿಗೆ ನೀರು ಗೊತ್ತಿತ್ತು. ನನಗೆ ಅಷ್ಟು ಸಾಕು, ಉಳಿದ ಕತೆಯನ್ನೂ ನಂಬಿದೆ.

ಧಾರವಾಡದ ಓದುಗ

ನಾನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ನನಗೆ ಮೂರು ವರ್ಷ ಇದ್ದಾಗ ಪೋಲಿಯೊ ಆಯಿತು. ಬಲಗಾಲಿಗೆ ಕ್ಯಾಲಿಪರ್, ಕೈಯಲ್ಲಿ ಊರುಗೋಲು. ಎಂಟನೇ ಕ್ಲಾಸಿನಲ್ಲಿ ಈ ಪುಸ್ತಕ ಓದಿದೆ. ಮೊದಲು ಸಿಟ್ಟು ಬಂತು. ಕೆಟ್ಟವರನ್ನು ನೋಡಿ: ಸಿಲ್ವರ್‌ಗೆ ಕಾಲಿಲ್ಲ, ಪ್ಯೂಗೆ ಕಣ್ಣಿಲ್ಲ, ಬ್ಲ್ಯಾಕ್ ಡಾಗ್ ಅನ್ನೋ ಕಳ್ಳನಿಗೆ ಎರಡು ಬೆರಳಿಲ್ಲ. ಮೈಯಲ್ಲಿ ಊನ ಇದ್ದರೆ ಮನಸ್ಸಲ್ಲೂ ಇರುತ್ತದೆ ಅನ್ನೋ ಹಳೇ ನಂಬಿಕೆ ಇದು. ನಮ್ಮ ಕಡೆಯ ಗಾದೆಗಳಲ್ಲೂ ಇದೆ. ಪ್ಯೂನ ವಿಷಯದಲ್ಲಿ ಆ ಸಿಟ್ಟು ನನಗೆ ಇವತ್ತೂ ಹೋಗಿಲ್ಲ. ಕುರುಡನನ್ನು ಹೆದರಿಸುವ ವಸ್ತು ಮಾಡಿ, ಕೊನೆಗೆ ಕುದುರೆ ಕಾಲಿಗೆ ಸಿಕ್ಕಿಸಿ ಸಾಯಿಸಿದ್ದಾರೆ.

ಆದರೆ ಸಿಲ್ವರ್ ಬೇರೆ. ಅವನನ್ನು ಓದಿ ನನಗೆ ಬೆನ್ನು ನೆಟ್ಟಗಾಯಿತು. ಹೊಯ್ದಾಡುವ ಹಡಗಿನಲ್ಲಿ ಊರುಗೋಲನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಅದಕ್ಕೆ ಒರಗಿ ಅಡುಗೆ ಮಾಡುತ್ತಾನೆ. ಅಗಲ ಜಾಗ ದಾಟಲು ಅಲ್ಲಲ್ಲಿ ಹಗ್ಗ ಕಟ್ಟಿಸಿಕೊಂಡಿದ್ದಾನೆ. ಅಯ್ಯೋ ಪಾಪ ಅನ್ನುವುದಕ್ಕೆ ಯಾರಿಗೂ ಅವಕಾಶ ಕೊಡುವುದಿಲ್ಲ. ಸ್ಟೀವನ್ಸನ್ ಅವರ ಗೆಳೆಯ ವಿಲಿಯಂ ಹೆನ್ಲಿ ಅನ್ನೋ ಕವಿಗೆ ಕ್ಷಯದಿಂದ ಒಂದು ಕಾಲು ಮೊಣಕಾಲ ಕೆಳಗೆ ತೆಗೆದಿದ್ದರು. ಆ ಗೆಳೆಯನ ಗಟ್ಟಿತನ ನೋಡಿಯೇ ಸಿಲ್ವರ್ ಹುಟ್ಟಿದ್ದು ಅಂತ ಸ್ಟೀವನ್ಸನ್ ಅವರೇ ಅವನಿಗೆ ಪತ್ರ ಬರೆದಿದ್ದಾರೆ.

ನಾನು ಹೇಳಬೇಕಾದ್ದು 20ನೇ ಅಧ್ಯಾಯದ ಬಗ್ಗೆ. ದಂಗೆ ಎದ್ದ ಮೇಲೆ ಸಿಲ್ವರ್ ಬಿಳಿ ಬಾವುಟ ಹಿಡಿದು ಮಾತುಕತೆಗೆ ಬರುತ್ತಾನೆ. ಹಡಗಿನ ಕ್ಯಾಪ್ಟನ್ ಸ್ಮಾಲೆಟ್ ಅವನನ್ನು ಒಳಗೆ ಕರೆಯುವುದಿಲ್ಲ, ಹೊರಗೆ ಮರಳಿನ ಮೇಲೆ ಕೂರು ಅನ್ನುತ್ತಾರೆ. ಕೂತರೆ ಏಳಿಸಲು ಯಾರಾದರೂ ಕೈ ಕೊಡಬೇಕಾಗುತ್ತೆ ಅಂತ ಅವನು ಮೊದಲೇ ಹೇಳುತ್ತಾನೆ. ಮಾತು ಮುರಿಯುತ್ತದೆ. ಕೈ ಕೊಡಿ ಅನ್ನುತ್ತಾನೆ. ನಾನು ಕೊಡಲ್ಲ ಅನ್ನುತ್ತಾರೆ ಕ್ಯಾಪ್ಟನ್. ಯಾರು ಕೊಡ್ತೀರಿ ಅಂತ ಕೇಳುತ್ತಾನೆ. ಒಬ್ಬನೂ ಅಲ್ಲಾಡುವುದಿಲ್ಲ. ಅವನು ಬೈಯುತ್ತಾ, ಮರಳಿನಲ್ಲಿ ತೆವಳಿಕೊಂಡು ಹೋಗಿ, ಜಗಲಿಯ ಕಂಬ ಹಿಡಿದು ತಾನೇ ಎದ್ದು ನಿಲ್ಲುತ್ತಾನೆ.

ಅವನು ಕೊಲೆಗಾರ, ಗೊತ್ತು. ಟಾಮ್ ಅನ್ನೋ ನಿಯತ್ತಿನ ನಾವಿಕನ ಬೆನ್ನಿಗೆ ಅದೇ ಊರುಗೋಲು ಎಸೆದು ಕೆಡವಿ, ಚಾಕು ಹಾಕಿದವನು. ಆದರೂ ಆ ಸಾಲಿನಲ್ಲಿ ನಾನು ಪುಸ್ತಕ ಮುಚ್ಚಿಟ್ಟೆ. ನಾನೂ ಹಾಗೆ ನೆಲದಲ್ಲಿ ಕೂತು ಕೈಗಾಗಿ ಸುತ್ತ ನೋಡಿದ್ದೇನೆ, ಶಾಲೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ. ಒಳ್ಳೆಯವರು ಅನ್ನಿಸಿಕೊಂಡವರೇ ಅಲ್ಲಿ ನಿಂತು ನೋಡುತ್ತಿದ್ದಾರೆ. ಲೇಖಕರು ಅದನ್ನು ಮುಚ್ಚಿಡಲಿಲ್ಲ. ಅಕ್ಕ, ನಿಮ್ಮ ಮಗನ ಖುಷಿಗೆ ಇದೂ ಒಂದು ಕಾರಣ ಇರಬಹುದು.

ಮಳೆಗಾಲದ ಓದು, ಶಿವಮೊಗ್ಗ

ಬರೆದದ್ದು ಒಳ್ಳೆಯದಾಯಿತು ಅಣ್ಣ. ಆ ಪುಟವನ್ನು ನಾನು ಬೇಗ ಬೇಗ ಓದಿ ದಾಟಿಸಿಬಿಟ್ಟಿದ್ದೆ. ಇವತ್ತು ರಾತ್ರಿ ಮಗನ ಜೊತೆ ಮತ್ತೆ ಓದುತ್ತೇನೆ.

ಕಾರವಾರದ ಕಡಲು

ಸಿಲ್ವರ್‌ನ ಗಿಳಿಯನ್ನು ಯಾರೂ ನೆನಪಿಸಿಕೊಳ್ಳಲಿಲ್ಲವಲ್ಲ! ಅದರ ಹೆಸರೂ ಕ್ಯಾಪ್ಟನ್ ಫ್ಲಿಂಟ್. ಇನ್ನೂರು ವರ್ಷ ಆಗಿರಬಹುದು ಅದಕ್ಕೆ ಅನ್ನುತ್ತಾನೆ ಸಿಲ್ವರ್. ಅದು ಎಲ್ಲೆಲ್ಲಿ ಸುತ್ತಿ ಬಂದಿದೆ ಅಂತ ಹೇಳುವಾಗ ಮಡಗಾಸ್ಕರ್ ಜೊತೆ ಮಲಬಾರ್ ಹೆಸರು ಬರುತ್ತದೆ. ಗೋವಾದಿಂದ ಹೊರಟ ವೈಸ್‌ರಾಯ್ ಹಡಗನ್ನು ಹಿಡಿದಾಗ ಈ ಗಿಳಿ ಅಲ್ಲೇ ಇತ್ತಂತೆ.

ನಮ್ಮೂರಿನಿಂದ ಗೋವಾ ಎಷ್ಟು ದೂರ? ಬೈಕಿನಲ್ಲಿ ಹೋಗಿ ಮಧ್ಯಾಹ್ನ ಊಟಕ್ಕೆ ವಾಪಸ್ ಬರಬಹುದು. ಹಾಗಾಗಿ ಹುಡುಕಿ ಓದಿದೆ. ಬರೀ ಕಟ್ಟುಕತೆ ಅಲ್ಲ. 1721ರಲ್ಲಿ ಗೋವಾದ ವೈಸ್‌ರಾಯ್ ಆಗಿದ್ದವನು ಪೋರ್ಚುಗಲ್‌ಗೆ ಮರಳುತ್ತಿದ್ದ. ಅವನ ಹಡಗನ್ನು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಹತ್ತಿರ ಕಡಲ್ಗಳ್ಳರು ನಿಜವಾಗಿಯೂ ಹಿಡಿದರು. ಸಿಲ್ವರ್ ಹೇಳುವ ಕಸ್ಸಾಂಡ್ರಾ ಕೂಡ ನಿಜವಾದ ಹಡಗು. ಈಸ್ಟ್ ಇಂಡಿಯಾ ಕಂಪನಿಯದ್ದು, 1720ರಲ್ಲಿ ಅದೂ ಕಳ್ಳರ ಕೈಸೇರಿತು. ಶಾಲೆಯಲ್ಲಿ ಓದುವಾಗ ಇದು ಎಲ್ಲೋ ದೂರದ ಬಿಳಿಯರ ಕತೆ ಅಂದುಕೊಂಡಿದ್ದೆ. ನಮ್ಮ ಕಡಲಿನ ಹೆಸರು ಒಂದು ಗಿಳಿಯ ಕತೆಯಲ್ಲಿ ಇತ್ತು.

ಇದರಿಂದಲೇ ನನ್ನ ದೊಡ್ಡ ತಕರಾರು ಶುರುವಾಗುತ್ತದೆ. ನಿಧಿಯ ಆ ಏಳು ಲಕ್ಷ ಪೌಂಡ್ ಯಾರದು? ಕೊನೆಯಲ್ಲಿ ಜಿಮ್ ಗುಹೆಯಲ್ಲಿ ಕೂತು ನಾಣ್ಯ ವಿಂಗಡಿಸುತ್ತಾನೆ. ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್, ಪೋರ್ಚುಗೀಸ್ ನಾಣ್ಯ ಇವೆ. ಜೇಡರ ಬಲೆಯ ಹಾಗೆ ಗೀಚಿದ ಪೂರ್ವ ದೇಶದ ನಾಣ್ಯವೂ ಇದೆ. ಆ ‘ಗೀಚಿದ್ದು’ ಯಾರೋ ಓದಬಲ್ಲ ಲಿಪಿ ತಾನೇ? ಯಾರದೋ ವ್ಯಾಪಾರದ ದುಡ್ಡು, ಯಾರನ್ನೋ ಕೊಂದು ತಂದದ್ದು. ಡಾಕ್ಟರ್ ಊರಿನ ನ್ಯಾಯಾಧೀಶರೂ ಹೌದು. ಅವರೂ ಒಂದು ಸಲ ಇದು ನಮ್ಮದಾ ಅಂತ ಕೇಳುವುದಿಲ್ಲ. ಇಷ್ಟು ದುಡ್ಡು ಕೂಡಿಸಲು ಎಷ್ಟು ರಕ್ತ ಹರಿಯಿತೋ ಅಂತ ಜಿಮ್ ಒಂದು ಗಳಿಗೆ ಯೋಚಿಸುತ್ತಾನೆ, ಅಷ್ಟೇ. ಆಮೇಲೆ ಎಲ್ಲರೂ ಪಾಲು ಹಂಚಿಕೊಳ್ಳುತ್ತಾರೆ. ಹಾಗಾದರೆ ಸಿಲ್ವರ್ ತೆಗೆದುಕೊಂಡು ಹೋದ ಮುನ್ನೂರು ನಾನೂರು ಗಿನಿಯ ಚೀಲ ಮಾತ್ರ ಕಳ್ಳತನ ಹೇಗೆ?

ನಿವೃತ್ತ ಮೇಷ್ಟ್ರು, ಹಾಸನ

ಇಷ್ಟು ವರ್ಷ ಪಾಠ ಮಾಡಿದರೂ ಈ ಪ್ರಶ್ನೆ ನಾನು ತರಗತಿಯಲ್ಲಿ ಎತ್ತಲಿಲ್ಲ. ಎತ್ತಬೇಕಿತ್ತು.

ಪಾಲು ಸಿಕ್ಕವರು ಏನು ಮಾಡಿದರು ಅನ್ನುವುದನ್ನು ಮಾತ್ರ ಚೆನ್ನಾಗಿ ಹೇಳಿದ್ದಾರೆ. ಬೆನ್ ಗನ್‌ಗೆ ಸಾವಿರ ಪೌಂಡ್ ಸಿಕ್ಕಿತು. ಸರಿಯಾಗಿ 19 ದಿನದಲ್ಲಿ ಖಾಲಿ ಮಾಡಿ 20ನೇ ದಿನ ಭಿಕ್ಷೆಗೆ ಬಂದ. ಗ್ರೇ ಅನ್ನೋ ನಾವಿಕ ದುಡ್ಡು ಉಳಿಸಿ, ಓದಿ, ಒಂದು ಹಡಗಿನ ಪಾಲುದಾರನಾದ. ಮಕ್ಕಳಿಗೆ ಬೆನ್ ಗನ್ ಬಹಳ ಇಷ್ಟ. ಮೂರು ವರ್ಷ ದ್ವೀಪದಲ್ಲಿ ಒಂಟಿಯಾಗಿದ್ದು, ಕಂಡ ಮೊದಲ ಮನುಷ್ಯನ ಹತ್ತಿರ ಒಂದು ತುಂಡು ಚೀಸ್ ಇದೆಯಾ ಅಂತ ಕೇಳುತ್ತಾನಲ್ಲ!

ದೂರದೇಶದ ಕನ್ನಡಿಗ

ಮೇಷ್ಟ್ರೇ, ಆ ಚೀಸ್ ಕನಸು ನನಗೆ ಚೆನ್ನಾಗಿ ಅರ್ಥ ಆಗುತ್ತದೆ. ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ನನಗೆ ರಾತ್ರಿ ಕನಸಿನಲ್ಲಿ ಬರುತ್ತಿದ್ದುದು ಮುದ್ದೆ, ಸೊಪ್ಪಿನ ಸಾರು.

ಮಲೆನಾಡ ಡಾಕ್ಟರ್

ಲಿವ್ಸಿ ಪರವಾಗಿ ಒಂದು ಮಾತು. ಹಡಗು ದ್ವೀಪದ ಹತ್ತಿರ ಲಂಗರು ಹಾಕಿದಾಗ ಅವರು ಗಾಳಿ ಮೂಸಿ, ನಿಧಿ ಇದೆಯೋ ಇಲ್ಲವೋ, ಇಲ್ಲಿ ಜ್ವರ ಮಾತ್ರ ಇದೆ ಅನ್ನುತ್ತಾರೆ. ಕಳ್ಳರು ಜೌಗಿನಲ್ಲಿ ಬಿಡಾರ ಹಾಕಿ ಜ್ವರ ಹಿಡಿಸಿಕೊಳ್ಳುತ್ತಾರೆ. ಸೊಳ್ಳೆಯಿಂದ ಮಲೇರಿಯಾ ಬರುತ್ತದೆ ಅನ್ನುವುದು ಆಗ ಯಾರಿಗೂ ಗೊತ್ತಿಲ್ಲ. ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಆ ರೋಗಾಣು ಕಂಡದ್ದು 1897ರಲ್ಲಿ, ಈ ಪುಸ್ತಕ ಬಂದು 14 ವರ್ಷದ ಮೇಲೆ. ಆದರೂ ಜೌಗಿಗೂ ಜ್ವರಕ್ಕೂ ನಂಟಿದೆ ಅನ್ನುವುದು ಅನುಭವದಿಂದ ತಿಳಿದಿತ್ತು, ನಮ್ಮ ಮಲೆನಾಡಿನ ಹಿರಿಯರಿಗೆ ತಿಳಿದಿದ್ದ ಹಾಗೆ.

ತನ್ನನ್ನು ಕೊಲ್ಲಲು ಕಾದಿರುವವರ ಬಿಡಾರಕ್ಕೆ ಬೆಳಗ್ಗೆ ಒಬ್ಬರೇ ಹೋಗಿ, ನಾಲಿಗೆ ತೋರಿಸು ಅಂತ ಹೇಳಿ ಔಷಧಿ ಕೊಟ್ಟು ಬರುತ್ತಾರೆ. ನಾನು ಈ ಕೆಲಸಕ್ಕೆ ಬಂದದ್ದಕ್ಕೆ ಆ ಪುಟವೂ ಒಂದು ಕಾರಣ.

ಎಸ್ಸೆಸ್ಸೆಲ್ಸಿ ಹುಡುಗಿ

ಆದ್ರೆ ಅದೇ ಡಾಕ್ಟರ್ ಕೊನೆಗೆ ಮೂರು ಜನ ಕಳ್ಳರನ್ನು ದ್ವೀಪದಲ್ಲೇ ಬಿಟ್ಟು ಬರುತ್ತಾರಲ್ಲ? ಅವರು ಮರಳಿನಲ್ಲಿ ಮಂಡಿ ಊರಿ ಕೈ ಎತ್ತಿ ಬೇಡಿಕೊಳ್ಳುತ್ತಿರುತ್ತಾರೆ. ಮದ್ದುಗುಂಡು, ಆಡಿನ ಮಾಂಸ, ಔಷಧಿ, ಹೊಗೆಸೊಪ್ಪು ಇಟ್ಟು ಬಂದರು ಸರಿ. ಆದರೂ ಅವರಿಗಿಂತ ಜಾಸ್ತಿ ಕೆಟ್ಟವನಾದ ಸಿಲ್ವರ್ ಹಡಗು ಹತ್ತಿದ. ಮಾತು ಬಲ್ಲವನಿಗೆ ಒಂದು ನ್ಯಾಯ, ಮಾತು ಬಾರದವರಿಗೆ ಇನ್ನೊಂದಾ? ನನಗೆ ಸಿಲ್ವರ್ ತಪ್ಪಿಸಿಕೊಂಡದ್ದು ಖುಷಿ ಆಗಲಿಲ್ಲ. ಆ ಮೂವರೇ ನೆನಪಾದರು.

ಅಕ್ಕ, ನೀವು ಹೇಳಿದ 4ನೇ ಅಧ್ಯಾಯ ಮತ್ತೆ ಓದಿದೆ. ಜಿಮ್‌ನ ಅಮ್ಮ ನಿಜವಾಗಲೂ ಗ್ರೇಟ್. ಅವಳ ಕತೆ ಬೇರೆ ಯಾರಾದರೂ ಬರೀಬೇಕು. ಯಾರೂ ಬರೆಯದಿದ್ದರೆ ನಾನೇ ಬರೀತೀನಿ, ಪರೀಕ್ಷೆ ಆದ ಮೇಲೆ.

ಮಳೆಗಾಲದ ಓದು, ಶಿವಮೊಗ್ಗ

ಬರಿ ಪುಟ್ಟಿ, ಖಂಡಿತ ಬರಿ. ಮೊದಲು ನಮಗೇ ಓದಲು ಕೊಡು.

ಎಲ್ಲರ ಮಾತನ್ನೂ ಮಗನಿಗೆ ಓದಿ ಹೇಳಿದೆ. ನಿನ್ನೆ ರಾತ್ರಿ 20ನೇ ಅಧ್ಯಾಯವನ್ನೂ, 30ನೆಯದನ್ನೂ ಮತ್ತೆ ಓದಿದೆವು. 30 ಅಂದ್ರೆ ಜಿಮ್ ಕಳ್ಳರ ಕೈಯಲ್ಲಿ ಸಿಕ್ಕಿರುವಾಗ ಡಾಕ್ಟರ್ ಬೇಲಿಯ ಆಚೆ ನಿಂತು, ಹಾರಿ ಬಾ, ಓಡಿಹೋಗೋಣ ಅನ್ನುತ್ತಾರಲ್ಲ, ಅದು. ಜಿಮ್ ಒಲ್ಲೆ ಅನ್ನುತ್ತಾನೆ. ಓಡಿಹೋಗಲ್ಲ ಅಂತ ಸಿಲ್ವರ್‌ಗೆ ಮಾತು ಕೊಟ್ಟಿದ್ದೇನೆ ಅನ್ನುತ್ತಾನೆ. ಹುಲಿಗೆ ಮಾತು ಕೊಟ್ಟು ವಾಪಸ್ ಬಂದ ಹಸುವಿನ ಹಾಡು ಕೇಳಿ ಬೆಳೆದವರಲ್ವಾ ನಾವು. ಮಗ ತಾನಾಗಿಯೇ ಆ ಹಸುವನ್ನು ನೆನಪಿಸಿಕೊಂಡ. ಆದರೆ ಇಲ್ಲಿ ಹುಲಿ ಬದಲಾಗುವುದಿಲ್ಲ ಅಂದ. ನಿಧಿಯ ಗುಂಡಿಯ ಹತ್ತಿರ ಬಂದಾಗ ಸಿಲ್ವರ್ ಜಿಮ್ ಕಡೆ ತಿರುಗಿ ನೋಡುವ ನೋಟದಲ್ಲಿ ಕೊಲ್ಲುವ ಯೋಚನೆ ಇದೆ. ಗುಂಡಿ ಖಾಲಿ ಅಂತ ಗೊತ್ತಾದ ಕ್ಷಣ ಜಿಮ್ ಕೈಗೆ ಪಿಸ್ತೂಲು ಕೊಟ್ಟು ಮತ್ತೆ ಗೆಳೆಯನಾಗುತ್ತಾನೆ. ಎರಡೂ ಒಂದೇ ಪುಟದಲ್ಲಿ.

ಆಗ ನಾನು ಅವನಿಗೆ ಹೇಳಿದೆ. ನಿನಗೆ ಖುಷಿ ಆದದ್ದು ತಪ್ಪಲ್ಲ. ನೀನು ಅವನ ಜೊತೆ 34 ರಾತ್ರಿ ಇದ್ದೆ. ಆದರೆ ಅವನು ಹೊಗಳಿದಾಗ ಪೀಪಾಯಿ ನೆನಪಿರಲಿ, ಟಾಮ್‌ನ ಹೆಸರೂ ನೆನಪಿರಲಿ. ಅವನು ಸ್ವಲ್ಪ ಹೊತ್ತು ಸುಮ್ನಿದ್ದು, "ಅವನು ಒಳ್ಳೆಯವನು ಅಂತ ನಾನು ಹೇಳಲೇ ಇಲ್ಲ ಅಮ್ಮಾ, ಅವನನ್ನ ನೇಣಿಗೆ ಹಾಕೋದು ಬೇಡ ಅಂತ ಇತ್ತು ಅಷ್ಟೆ" ಅಂದ. ಆಮೇಲೆ, ಆ ಮೂರು ಜನರನ್ನು ಕರೆದುಕೊಂಡು ಬರಲು ಯಾರಾದರೂ ಹೋದರಾ ಅಂತ ಕೇಳಿದ. ಪುಸ್ತಕದಲ್ಲಿ ಇಲ್ಲ ಅಂದೆ. ಅದಕ್ಕೆ ಅವನಿಗೆ ಸಮಾಧಾನ ಆಗಲಿಲ್ಲ. ನನಗೂ ಆಗಿಲ್ಲ.

ಆನೆಗೊಂದಿಯವರಿಗೆ ಒಂದು ಪ್ರಶ್ನೆ. ಅವನು ಹರಿಗೋಲಿನ ತಳದಲ್ಲಿ ಮಲಗಿ ನೋಡಬೇಕಂತೆ. ಜಿಮ್ ಹೇಳಿದ್ದು ನಿಜವಾ ಅಂತ ಪರೀಕ್ಷೆ ಮಾಡಬೇಕಂತೆ. ದಸರಾ ರಜೆಯಲ್ಲಿ ಬಂದರೆ ಆಗುತ್ತಾ?

ಆನೆಗೊಂದಿ ದಡದವನು

ಧಾರಾಳವಾಗಿ ಬನ್ನಿ ಅಕ್ಕ. ಆದರೆ ದಸರಾ ಹೊತ್ತಿಗೆ ಹೊಳೆ ಹೇಗಿರುತ್ತೋ ಹೇಳಲಾಗುವುದಿಲ್ಲ. ಡ್ಯಾಂನಿಂದ ನೀರು ಬಿಟ್ಟರೆ ಹರಿಗೋಲು ಇಳಿಸುವುದಿಲ್ಲ. ಡಿಸೆಂಬರ್ ಕೊನೆಗೆ ಬಂದರೆ ಒಳ್ಳೆಯದು, ಹೊಳೆ ಶಾಂತವಾಗಿರುತ್ತದೆ. ಮಲಗಿ ನೋಡಲಿ, ಲೈಫ್ ಜಾಕೆಟ್ ಹಾಕಿಕೊಂಡು. ಹುಟ್ಟು ಹಾಕುವವರಿಗೆ ನಾನು ಮೊದಲೇ ಹೇಳಿಡುತ್ತೇನೆ, ನಡುಹೊಳೆಯಲ್ಲಿ ಎರಡು ಸುತ್ತು ಜಾಸ್ತಿ ತಿರುಗಿಸಿ ಅಂತ.